ಆರ್‌ಎಕ್ಸ್ 100 ಬ್ಲಾಕ್‌ನಲ್ಲಿ ಸ್ಲೀವ್ ಸಡಿಲವಾ? ಮೊದಲು ನೀರು ಕುದಿಸಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. 1994ರ ಯಮಹಾ ಆರ್‌ಎಕ್ಸ್ 100 ಬೈಕ್, ಹಿಂದಿನ ಮಾಲೀಕರು ಒಮ್ಮೆ ಎಂಜಿನ್‌ನ ಅಲ್ಯೂಮಿನಿಯಂ ಬ್ಲಾಕಿಗೆ ಸ್ಲೀವ್ (ಪಿಸ್ಟನ್ ಓಡಾಡುವ ಬೀಡು ಕಬ್ಬಿಣದ ಕೊಳವೆ) ಹಾಕಿಸಿದ್ದಾರೆ. ಈಗ ಬ್ಲಾಕ್ ಬಿಸಿ ಮಾಡಿದಾಗ ಸ್ಲೀವ್ ಅರ್ಧ ಇಂಚು ಜಾರಿತು, ಮೆಕ್ಯಾನಿಕ್ "ಪಂಚ್ ಹೊಡೆದು ಕೂರಿಸೋಣ" ಅಂತಿದ್ದಾರೆ, ಅಂದರೆ ಸ್ಲೀವಿನ ಹೊರಮೈ ತುಂಬ ಚುಕ್ಕಿ ಹೊಡೆದು ಉಬ್ಬಿಸಿ ಬಿಗಿ ಮಾಡುವುದು. ಅದೊಂದು ಮಾತ್ರ ಮಾಡಿಸಬೇಡಿ.

ಎಷ್ಟು ಬಿಸಿ ಮಾಡಿದಿರಿ ಅಂತ ನೀವು ಬರೆದಿಲ್ಲ. 200 ಡಿಗ್ರಿ ಹತ್ತಿರ ಹೋಗಿದ್ದರೆ ಜಾರಿದ್ದು ತಪ್ಪೇನಲ್ಲ, ಸ್ಲೀವ್ ತೆಗೆಯುವುದೇ ಹಾಗೆ. ಬೀಡು ಕಬ್ಬಿಣ ಹಿಗ್ಗುವುದಕ್ಕಿಂತ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸ್ಲೀವ್‌ನ ಹೊರ ಅಳತೆ 56 ಮಿ.ಮೀ. ಅಂತ ಇಟ್ಟುಕೊಳ್ಳಿ. 100 ಡಿಗ್ರಿ ಏರಿದರೆ ಸುಮಾರು 0.07 ಮಿ.ಮೀ. ಹಿಡಿತ (ಬ್ಲಾಕಿನ ರಂಧ್ರಕ್ಕಿಂತ ಸ್ಲೀವ್ ದೊಡ್ಡದಿರುವ ಅಳತೆ) ಹೋಗುತ್ತದೆ.

ಹಾಗಾಗಿ ನಾನು ಮಾಡುವುದು ನೀರಿನ ಪರೀಕ್ಷೆ. ಸ್ಲೀವನ್ನು ಮತ್ತೆ ಪೂರ್ತಿ ಕೂರಿಸಿ, ತಣ್ಣಗಾಗಲು ಬಿಡಿ. ಆಮೇಲೆ ಬ್ಲಾಕನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ತೆಗೆದು, ಹೆಡ್ (ಬ್ಲಾಕಿನ ಮೇಲಿನ ಮುಚ್ಚಳ) ಕೂರುವ ಕಡೆ ಕೆಳಗೆ ಬರುವಂತೆ ಎರಡು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ. ಕುದಿಯುವ ನೀರಿನಲ್ಲಿ ಬ್ಲಾಕ್ ಏರುವುದು ಸುಮಾರು 75 ಡಿಗ್ರಿ ಮಾತ್ರ, ಹಾಗಾಗಿ ಜಾರಿದರೆ ಹಿಡಿತ ಎರಡು ಥೌಗಿಂತ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಎರಡು ಥೌ ಸುಮಾರು 0.05 ಮಿ.ಮೀ.) ಕಡಿಮೆ, ಅಂದರೆ ನಿಜಕ್ಕೂ ಸಡಿಲ. ಕದಲದಿದ್ದರೆ ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ಪಂಚ್ ಯಾಕೆ ಬೇಡ? ನನ್ನ ಗಾಡಿಯ ಪಿಸ್ಟನ್ ಮೂರು ಸಲ ಜಾಮ್ ಆಯಿತು, ಒಂದು ಸಲ ಚಾರ್ಮಾಡಿ ಘಾಟಿ ಏರುವಾಗ. ಆಯಿಲ್ ಬದಲಿಸಿದೆ, ಕಾರ್ಬ್ಯುರೇಟರ್ ಜೆಟ್ ಬದಲಿಸಿದೆ, ಸುಮ್ನೆ ದುಡ್ಡು ಹೋಯಿತು. ಕೊನೆಗೆ ಸ್ಲೀವ್ ತೆಗೆಸಿದರೆ ಹೊರಮೈ ತುಂಬ ಪಂಚ್ ಗುರುತು, ಮಧ್ಯೆ ಎಲ್ಲ ಕರಿ ಆಯಿಲ್. ಆ ಚುಕ್ಕಿಗಳಷ್ಟೇ ಬ್ಲಾಕಿಗೆ ತಾಗುತ್ತಿದ್ದವು. ಉಳಿದ ಕಡೆ ಶಾಖ ಫಿನ್‌ಗಳಿಗೆ (ಬ್ಲಾಕಿನ ಹೊರಗಿನ, ಗಾಳಿಗೆ ತಂಪಾಗುವ ಪಟ್ಟಿಗಳು) ದಾಟುವುದು ಹೇಗೆ? ಪಿಸ್ಟನ್ ಹಿಗ್ಗಿ ಹಿಡಿಯುತ್ತದೆ, ಅಷ್ಟೆ. ಟು ಸ್ಟ್ರೋಕ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ಸ್ಲೀವ್ ಸ್ವಲ್ಪ ತಿರುಗಿದರೂ ಪೋರ್ಟ್, ಅಂದರೆ ಗ್ಯಾಸ್ ಒಳಗೆ ಹೊರಗೆ ಹೋಗುವ ಕಿಂಡಿಗಳ ಜಾಗ ಬದಲಾಗುತ್ತದೆ. ಪಿಸ್ಟನ್‌ನಲ್ಲಿ ಸಣ್ಣ ಪಿನ್ ಇರುವುದರಿಂದ ಪಿಸ್ಟನ್ ರಿಂಗ್ ತಿರುಗುವುದಿಲ್ಲ, ಅದರ ತುದಿ ಪೋರ್ಟಿಗೆ ಸಿಕ್ಕಿಕೊಂಡು ಮುರಿಯುತ್ತದೆ.

ಸಡಿಲ ಅಂತ ಖಚಿತವಾದರೆ ಲೇತ್‌ನವರಿಗೆ ಹೀಗೆ ಹೇಳಿ. ಮೊದಲು ಬ್ಲಾಕಿನ ಒಳಗನ್ನು ದುಂಡಗೆ ಸರಿ ಮಾಡಲಿ. ಹಳೆಯ ಬ್ಲಾಕ್ ಮೊಟ್ಟೆಯಾಕಾರ ಆಗಿರುವುದೇ ಜಾಸ್ತಿ. ಅದರ ಅಳತೆ ತೆಗೆದುಕೊಂಡು, ಅದಕ್ಕಿಂತ ಎರಡರಿಂದ ಮೂರು ಥೌ ದೊಡ್ಡದಿರುವಂತೆ ಹೊಸ ಸ್ಲೀವಿನ ಹೊರಮೈಯನ್ನು ಲೇತ್‌ನಲ್ಲಿ ಹೊಡೆಯಲಿ. ಅಂಗಡಿಯಿಂದ ರೆಡಿ ಸ್ಲೀವ್ ತಂದು ಹಾಗೇ ತೂರಿಸುವುದು ಬೇಡ. ಪೋರ್ಟ್ ಸಾಲಿಗೆ ಬ್ಲಾಕ್ ಮೇಲೂ ಸ್ಲೀವ್ ಮೇಲೂ ಗೆರೆ ಹಾಕಿಸಿ.

ಕೂರಿಸುವಾಗ ಬ್ಲಾಕ್ ಓವನ್‌ನಲ್ಲಿ 200 ಡಿಗ್ರಿ, ಸ್ಲೀವ್ ರಾತ್ರಿಯಿಡೀ ಫ್ರೀಜರ್‌ನಲ್ಲಿ. ಒಂದೇ ಕಡೆ ಟಾರ್ಚ್ ಹಿಡಿದರೆ ಬ್ಲಾಕ್ ಸೊಟ್ಟಗಾಗುತ್ತದೆ. ನನ್ನದನ್ನು ಪರಿಚಯದ ಬೇಕರಿಯ ಹಳೆಯ ಓವನ್‌ನಲ್ಲಿ ಮಾಡಿದ್ದು, ಅದರಲ್ಲಿ ಈಗ ಬನ್ನು ಬೇಯಿಸುವುದಿಲ್ಲ, ಹೆದರಬೇಡಿ. ಸ್ಲೀವ್ ಇಳಿಸಲು ಸಿಗುವುದು ಕೆಲವೇ ಸೆಕೆಂಡ್. ಇಳಿದ ಮೇಲೆ ತಣ್ಣಗಾಗುವವರೆಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕೂದಲೆಳೆಯಷ್ಟು ಮೇಲೇಳುತ್ತದೆ. ಸ್ಲೀವಿನ ಮೇಲಂಚಿನ ಕಾಲರ್ (ಹೊರಚಾಚಿದ ಅಂಚು) ಬ್ಲಾಕಿನ ಮೇಲ್ಮೈಗಿಂತ ಕೆಳಗೆ ಇರಲೇಬಾರದು, ಹೆಡ್ ಅದನ್ನು ಒತ್ತಿ ಹಿಡಿಯಬೇಕಲ್ವಾ.

ಬೋರಿಂಗ್ (ಸ್ಲೀವಿನ ಒಳಗನ್ನು ಅಳತೆಗೆ ಕೊರೆಯುವುದು), ಹೋನಿಂಗ್ (ಕಲ್ಲಿನಿಂದ ಉಜ್ಜಿ ನಯ ಮಾಡುವುದು) ಎಲ್ಲ ಇದಾದ ಮೇಲೆಯೇ, ಅದೂ ಅಳತೆಗೆಂದು ಪಿಸ್ಟನ್ನನ್ನು ಲೇತ್‌ನವರ ಕೈಗೆ ಕೊಟ್ಟು. ಬಿಗಿಯಾಗಿ ಕೂತ ಸ್ಲೀವ್ ಒಳಗೆ ಸ್ವಲ್ಪ ಕುಗ್ಗಿರುತ್ತದೆ, ಮೊದಲೇ ಬೋರ್ ಮಾಡಿದ್ದರೆ ಅಳತೆ ತಪ್ಪುತ್ತದೆ. ಪೋರ್ಟ್ ಅಂಚುಗಳ ಚೂಪು ತೆಗೆಸುವುದನ್ನು ಮರೆಯಬೇಡಿ.

ನೀರಿನ ಪರೀಕ್ಷೆಯಲ್ಲಿ ಸ್ಲೀವ್ ಕಳಚಿ ಬಂದರೆ ಅದರ ಹೊರಮೈ ಫೋಟೋ ಇಲ್ಲಿ ಹಾಕಿ. ಎಲ್ಲಿ ಹೊಳಪಿದೆ, ಎಲ್ಲಿ ಕರಿಯಿದೆ ಅಂತ ನೋಡಿ ಹೇಳುತ್ತೇನೆ.