ಹೀಟರ್ ಪೈಲಟ್ ನಿಲ್ತಿಲ್ಲ, ಜಗಲಿಗೆ ಪರದೆ ಹಾಕಬಹುದಾ: ಸಕಲೇಶಪುರದ ಪ್ರಶ್ನೆಗೆ ಉತ್ತರ

ಸರ್, ನೀವು ಕೇಳಿರೋದು ಇಷ್ಟು. ಹೋಮ್‌ಸ್ಟೇಗೆ ಅಂತ ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ಗ್ಯಾಸ್ ಹೀಟರ್ ತಂದಿದ್ದೀರಿ, ಕೊಡೆ ಆಕಾರದ್ದು, 13 ಕಿಲೋವ್ಯಾಟ್. ಪೈಲಟ್ (ದೊಡ್ಡ ಉರಿ ಹೊತ್ತಿಸೋ ಪುಟ್ಟ ಉರಿ) ಹತ್ತುತ್ತೆ, ನಾಬ್ ಬಿಟ್ಟ ಕೂಡಲೇ ಆರಿಹೋಗುತ್ತೆ. ಹೇಗೋ ಹತ್ತಿಸಿದ್ರೂ ಉರಿ ಹಳದಿ, ಮೇಲಿನ ತಟ್ಟೆಗೆ ಮಸಿ. ಗಾಳಿ ತಡೆಯೋಕೆ ಜಗಲಿಗೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಒಳಗೆ ಇಡಬಹುದಾ, ಮನೆ ಸಿಲಿಂಡರ್ ಸಾಕಾ ಅಂತಲೂ ಕೇಳಿದ್ದೀರಿ. ನನಗಿಂತ ಮೊದಲು ಉತ್ತರ ಬರೆದ ಒಬ್ಬರು "ಟಿಲ್ಟ್ ಸ್ವಿಚ್ ವೈರ್ ಕತ್ತರಿಸಿ ಜಾಯಿಂಟ್ ಮಾಡಿ" ಅಂದಿದ್ದಾರೆ (ಹೀಟರ್ ವಾಲಿದ್ರೆ ಗ್ಯಾಸ್ ನಿಲ್ಲಿಸೋ ಸ್ವಿಚ್ ಅದು), ಇನ್ನೊಬ್ಬರು "ಜೆಟ್‌ಗೆ ಗುಂಡುಸೂಜಿ ಹಾಕಿ" ಅಂದಿದ್ದಾರೆ (ಜೆಟ್ ಅಂದ್ರೆ ಗ್ಯಾಸ್ ಹೊರಬರೋ ಸಣ್ಣ ತೂತಿನ ಹಿತ್ತಾಳೆ ತುಂಡು). ಎರಡನ್ನೂ ಮಾಡಬೇಡಿ.

ಪರದೆ ವಿಷಯ ಮೊದಲು, ಯಾಕಂದ್ರೆ ಉಳಿದದ್ದೆಲ್ಲ ರಿಪೇರಿ, ಇದು ಜೀವದ ಪ್ರಶ್ನೆ. ಈ ಹೀಟರುಗಳಿಗೆ ಹೊಗೆಕೊಳವೆ ಇಲ್ಲ, ಉರಿದದ್ದೆಲ್ಲ ಅಲ್ಲೇ ಗಾಳಿಗೆ ಸೇರುತ್ತೆ. ಸುತ್ತ ಮುಚ್ಚಿದ್ರೆ ಆಮ್ಲಜನಕ ಕಡಿಮೆಯಾಗಿ ಉರಿ ಕೆಡುತ್ತೆ, ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ ಬಂದಾಗ ಗೆಸ್ಟುಗಳು ಊಟದ್ದೋ ಘಾಟ್ ರಸ್ತೆದೋ ಅಂದ್ಕೋತಾರೆ. ಯುರೋಪಿನ ಹೀಟರುಗಳ ಮ್ಯಾನ್ಯುಯಲ್‌ನಲ್ಲಿ ಬರೋ ನಿಯಮ ಏನಂದ್ರೆ, ಜಾಗದ ಸುತ್ತಿನ ಗೋಡೆಗಳ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ 25% ಬಯಲಿಗೆ ತೆರೆದಿರಬೇಕು. ನಿಮ್ಮ ಜಗಲಿ 20 ಅಡಿ ಉದ್ದ, 12 ಅಡಿ ಅಗಲ, 8 ಅಡಿ ಎತ್ತರ ಅಂದಿದ್ದೀರಿ. ಸುತ್ತಳತೆ 64 ಅಡಿ, ಎಂಟರಿಂದ ಗುಣಿಸಿದ್ರೆ 512 ಚದರ ಅಡಿ. ಅದರ ಕಾಲು ಭಾಗ 128. ಉದ್ದದ ಒಂದು ಬದಿ ಪೂರ್ತಿ ತೆರೆದಿಟ್ರೆ 160 ಸಿಗುತ್ತೆ, ಅಗಲದ ಬದಿ ಮಾತ್ರ ತೆರೆದ್ರೆ 96, ಸಾಲಲ್ಲ. ಪರದೆ ನಾಲ್ಕೂ ಕಡೆ ಇಳಿಸಿದ್ರೆ ಸೊನ್ನೆ.

ಆದ್ರೆ ಈ ಲೆಕ್ಕವೇ ನಿಮಗೆ ಬೇಕಾಗಿಲ್ಲ, ಏಕೆಂದ್ರೆ ಎತ್ತರದಲ್ಲೇ ನಿಮ್ಮ ಜಗಲಿ ಫೇಲು. ಕೊಡೆ ಹೀಟರ್ ಸುಮಾರು 2.2 ಮೀಟರ್, ಅಂದ್ರೆ ಏಳೂಕಾಲು ಅಡಿ. ತಟ್ಟೆಯ ಮೇಲೂ ಸುತ್ತಲೂ ಒಂದೊಂದು ಮೀಟರ್ ಒಳಗೆ ಉರಿಯೋ ವಸ್ತು ಏನೂ ಇರಬಾರದು. ನಿಮಗೆ ಮೇಲೆ ಉಳಿಯೋದು ಒಂಬತ್ತು ಇಂಚು, ಅದರ ಮೇಲೆ ಮರದ ಪಕ್ಕಾಸು, ರೀಪು. ಹಂಚು ತಡೆಯುತ್ತೆ, ಮರ ತಡೆಯಲ್ಲ. ಅಡಿಕೆ ಸೋಗೆ, ಶೇಡ್ ನೆಟ್, ಟಾರ್ಪಾಲ್, ಸೀರಿಯಲ್ ಸೆಟ್, ಒಣಗೋಕೆ ಹಾಕಿದ ಟವೆಲ್ ಇವೆಲ್ಲ ಇದೇ ಲೆಕ್ಕಕ್ಕೆ ಬರ್ತವೆ. ಹಾಗಾಗಿ ಹೀಟರ್ ಅಂಗಳಕ್ಕೆ. ಜಗಲಿಗೆ ಶಾಖ ಬೇಕೇ ಬೇಕು ಅಂದ್ರೆ ಗೋಡೆಗೆ ಕೂರಿಸೋ ಕರೆಂಟ್ ಇನ್‌ಫ್ರಾರೆಡ್ ಹೀಟರ್ ನೋಡಿ.

ಸಿಲಿಂಡರ್ ವಿಚಾರ ಬೇಗ ಮುಗಿಸ್ತೀನಿ. ಮನೆ ಬಳಕೆಯ 14.2 ಕೆ.ಜಿ. ಕೆಂಪು ಸಿಲಿಂಡರ್ ಹೋಮ್‌ಸ್ಟೇ ಗೆಸ್ಟುಗಳಿಗೆ ಉರಿಸೋದು ಕಾನೂನು ಪ್ರಕಾರ ತಪ್ಪು. 19 ಕೆ.ಜಿ. ಕಮರ್ಷಿಯಲ್ ತಗೊಳ್ಳಿ. 13 ಕಿಲೋವ್ಯಾಟ್ ಫುಲ್ ಇಟ್ರೆ ಗಂಟೆಗೆ 900 ಗ್ರಾಂನಿಂದ ಒಂದು ಕೆ.ಜಿ. ಖರ್ಚು, ಅಂದ್ರೆ ಒಂದು ಸಿಲಿಂಡರ್ ಸುಮಾರು 20 ಗಂಟೆ. ಸಿಲಿಂಡರ್ ರೇಟನ್ನು ಇಪ್ಪತ್ತರಿಂದ ಭಾಗಿಸಿ, ಗಂಟೆಯ ಖರ್ಚು ಬಂತು. ಗೆಸ್ಟುಗಳಿಗೆ ಚಾರ್ಜ್ ಹಾಕೋರಿಗೆ ಆ ಅಂಕಿ ಸಾಕು. ತರುವ ಮೊದಲು ಹೀಟರಿನ ಕೆಳಗಿನ ಡ್ರಮ್ಮಿನ ಎತ್ತರ ಅಳೆಯಿರಿ. ವಿದೇಶಿ ಅಳತೆಯ ಡ್ರಮ್ಮುಗಳಲ್ಲಿ ನಮ್ಮ 19 ಕೆ.ಜಿ. ಕೂರದೇ ಇರಬಹುದು. ಹಾಗಂತ ಮಲಗಿಸಿ ಇಡೋದು ಬೇಡವೇ ಬೇಡ, ಅನಿಲದ ಬದಲು ದ್ರವವೇ ಪೈಪಿಗೆ ಬರುತ್ತೆ.

ರೆಗ್ಯುಲೇಟರ್ ಬಗ್ಗೆ ಮಾತ್ರ ಗಮನ ಕೊಡಿ. ನಮ್ಮ ಮನೆ ಒಲೆಯ ರೆಗ್ಯುಲೇಟರ್ ಕೊಡೋ ಒತ್ತಡ ಸುಮಾರು 30 ಮಿಲಿಬಾರ್. ಹೀಟರಿನ ಹಿಂದೆ ಅಂಟಿಸಿರೋ ಪ್ಲೇಟಿನಲ್ಲಿ 28-30 ಮಿಲಿಬಾರ್ ಅಂತಲೋ, 37 ಅಂತಲೋ, ಅಮೆರಿಕದ್ದಾದ್ರೆ 11 ಇಂಚು ನೀರಿನ ಒತ್ತಡ ಅಂತಲೋ (ಅದು 27 ಮಿಲಿಬಾರ್ ಚಿಲ್ಲರೆ) ಇರುತ್ತೆ. ಅಲ್ಲಿ ಬರೆದಿರೋದಕ್ಕೆ ಸರಿಯಾದ ಲೋ ಪ್ರೆಶರ್ ರೆಗ್ಯುಲೇಟರ್ ಹಾಕಿಸಿ. ಹೋಟೆಲ್ ಭಟ್ಟಿಗೆ ಹಾಕೋ ಹೈ ಪ್ರೆಶರ್ ರೆಗ್ಯುಲೇಟರ್ ಕೆಲವರು ಹಾಕಿಬಿಡ್ತಾರೆ. ಉರಿ ಎರಡು ಅಡಿ ಎದ್ದು ಮಸಿ ಕಾರೋದಕ್ಕೆ ಅದೂ ಒಂದು ಕಾರಣ, ಹೀಟರಿನೊಳಗಿನ ವಾಲ್ವ್ ಕೆಡೋದಕ್ಕೂ. ಪೈಪ್ ಕಿತ್ತಳೆ ಬಣ್ಣದ, ಒಳಗೆ ಸ್ಟೀಲ್ ತಂತಿ ಇರೋ ಸುರಕ್ಷಾ ಪೈಪೇ ಇರಲಿ, ಒಂದೂವರೆ ಮೀಟರ್ ಒಳಗೆ, ಮಧ್ಯೆ ಜಾಯಿಂಟ್ ಬೇಡ. ಮೇಲೆ ತಯಾರಾದ ತಿಂಗಳು ವರ್ಷ ಅಚ್ಚಾಗಿರುತ್ತೆ, ಐದು ವರ್ಷ ಆಗಿದ್ರೆ ಬದಲಿಸಿ. ಅದಕ್ಕೂ ಮುಂಚೆ ಇಲಿ ಕಡಿದಿದ್ರೆ ಅವತ್ತೇ.

ಈಗ ನಿಮ್ಮ ಮುಖ್ಯ ತೊಂದರೆ. ನಾಬ್ ಬಿಟ್ಟ ಕೂಡಲೇ ಆರುತ್ತೆ ಅಂದ್ರೆ ಹೀಟರ್ ಕೆಟ್ಟಿದೆ ಅಂತಲ್ಲ, ಅದರ ಕಾವಲುಗಾರ ಕೆಲಸ ಮಾಡ್ತಿದ್ದಾನೆ. ಪೈಲಟ್ ಉರಿಯ ಪಕ್ಕ ಪೆನ್ಸಿಲ್ ಮೊನೆಯಂಥ ಒಂದು ಕಡ್ಡಿ ಇದೆಯಲ್ಲ, ಅದೇ ಥರ್ಮೋಕಪಲ್. ಉರಿಯಲ್ಲಿ ಕಾದಾಗ ಅದು 25-30 ಮಿಲಿವೋಲ್ಟ್ ಹುಟ್ಟಿಸುತ್ತೆ, ಆ ಇಷ್ಟೇ ಇಷ್ಟು ಕರೆಂಟು ವಾಲ್ವಿನೊಳಗಿನ ಪುಟ್ಟ ಮ್ಯಾಗ್ನೆಟ್ಟನ್ನು ಹಿಡಿದಿಡುತ್ತೆ. ಉರಿ ಆರಿದ್ರೆ ಕಡ್ಡಿ ತಣ್ಣಗಾಗಿ ಮ್ಯಾಗ್ನೆಟ್ ಬಿಟ್ಟು ಗ್ಯಾಸ್ ನಿಲ್ಲುತ್ತೆ. ಟಿಲ್ಟ್ ಸ್ವಿಚ್ ಇದೇ ದಾರಿಯಲ್ಲಿ ಸೇರಿರುತ್ತೆ, ಹೀಟರ್ ವಾಲಿದ್ರೆ ದಾರಿ ಕಡಿಯುತ್ತೆ. ಮಿಲಿವೋಲ್ಟಿನ ವ್ಯವಹಾರ ಆದ್ದರಿಂದ ಎಲ್ಲೋ ಒಂದು ಕಡೆ ಸ್ವಲ್ಪ ತುಕ್ಕು, ಸ್ವಲ್ಪ ಸಡಿಲ ಇದ್ರೂ ಸಾಕು. ಮಲೆನಾಡಿನ ಮಳೆಗಾಲ ಕಳೆದ ಮೇಲೆ ಈ ದೂರು ಬರೋದು ಅದಕ್ಕೇ.

ಹುಡುಕೋ ಕ್ರಮ ಹೀಗಿರಲಿ. ಮೊದಲು ಹೀಟರ್ ಸಮತಟ್ಟಾಗಿ ನಿಂತಿದೆಯಾ ನೋಡಿ. ನೀರು ಹರಿದುಹೋಗಲಿ ಅಂತ ನಮ್ಮ ಅಂಗಳಗಳು ಇಳಿಜಾರಾಗೇ ಇರ್ತವೆ, ಅಷ್ಟಕ್ಕೇ ಟಿಲ್ಟ್ ಸ್ವಿಚ್ ಕಡಿದಿರಬಹುದು. ಆಮೇಲೆ ನಾಬ್ ಒತ್ತಿ ಪೈಲಟ್ ಹತ್ತಿದ ಮೇಲೆ ಪೂರ್ತಿ 30 ಸೆಕೆಂಡ್ ಒತ್ತೇ ಹಿಡಿಯಿರಿ. ಗಡಿಯಾರ ನೋಡಿ, ಮನಸ್ಸಿನಲ್ಲಿ ಎಣಿಸಿದ್ರೆ ಮೂವತ್ತು ಹದಿನೈದಾಗುತ್ತೆ. ಹೊಸ ಸಿಲಿಂಡರ್ ಹಾಕಿದ ದಿನ ಪೈಪಿನಲ್ಲಿ ಗಾಳಿ ಇರುತ್ತೆ, ಹತ್ತೋಕೇ ಒಂದೆರಡು ನಿಮಿಷ ಬೇಕಾಗಬಹುದು.

ಅದಕ್ಕೂ ನಿಲ್ಲದಿದ್ರೆ ಉರಿಯನ್ನೇ ನೋಡಿ. ಕತ್ತಲಾದ ಮೇಲೆ ನೋಡಿದ್ರೆ ಚೆನ್ನಾಗಿ ಕಾಣುತ್ತೆ: ನೀಲಿ ಉರಿ ಕಡ್ಡಿಯ ಮೇಲಿನ ಒಂದು ಸೆಂಟಿಮೀಟರನ್ನು ಪೂರ್ತಿ ಸುತ್ತಿಕೊಂಡಿರಬೇಕು. ಉರಿ ಸಣ್ಣಗೆ, ಅಲುಗಾಡ್ತಾ, ಕಡ್ಡಿಯನ್ನು ಮುಟ್ಟೀಮುಟ್ಟದ ಹಾಗಿದ್ರೆ ತಪ್ಪು ಥರ್ಮೋಕಪಲ್ಲಿನದಲ್ಲ, ಪೈಲಟ್ ತೂತು ಕಟ್ಟಿದೆ. ಆ ತೂತು ಕೂದಲೆಳೆಯಷ್ಟು ಸಣ್ಣದು, ಜೇಡನ ಒಂದು ಎಳೆ ಸಾಕು ಮುಚ್ಚೋಕೆ. ಸಿಲಿಂಡರ್ ಬಂದ್ ಮಾಡಿ, ಪೈಲಟ್ ನಳಿಗೆ ಬಿಚ್ಚಿ ಸೈಕಲ್ ಪಂಪಿನಲ್ಲಿ ಗಾಳಿ ಊದಿ. ಜೆಟ್ಟನ್ನು ಸ್ಪಿರಿಟಿನಲ್ಲಿ ನೆನೆಸಿ, ಪೂರ್ತಿ ಆರಿಸಿ ಹಾಕಿ. ಸೂಜಿ ಬೇಡ.

ಉರಿ ಸರಿ ಇದ್ರೆ ಕಡ್ಡಿಯ ಮಸಿಯನ್ನು ಸಣ್ಣ ಮರಳು ಕಾಗದದಲ್ಲಿ ಹಗುರವಾಗಿ ತೆಗೀರಿ, ಅದರ ತಾಮ್ರದ ನಳಿಗೆ ವಾಲ್ವಿಗೆ ಸೇರೋ ನಟ್ಟನ್ನು ಕೈಯಲ್ಲಿ ತಿರುಗಿಸಿ ಸ್ಪ್ಯಾನರಿನಲ್ಲಿ ಕಾಲು ಸುತ್ತು ಮಾತ್ರ ಬಿಗಿ ಮಾಡಿ. ಜಾಸ್ತಿ ಬಿಗಿ ಮಾಡಿದ್ರೆ ತುದಿಯ ಇನ್ಸುಲೇಶನ್ ಒಡೆದು ಹೊಸ ತೊಂದರೆ. ಟಿಲ್ಟ್ ಸ್ವಿಚ್ ಅಂದ್ರೆ ಎರಡು ವೈರ್ ಬಂದು ಸೇರೋ ಸಣ್ಣ ಕಪ್ಪು ಡಬ್ಬಿ, ಸಾಮಾನ್ಯವಾಗಿ ವಾಲ್ವಿನ ಹತ್ತಿರವೋ ಕೆಳಗಿನ ಡ್ರಮ್ಮಿನಲ್ಲೋ ಇರುತ್ತೆ. ಅದರ ಕನೆಕ್ಟರ್ ಎಳೆದು ಪಾಚಿ ಬಣ್ಣದ ತುಕ್ಕು ಉಜ್ಜಿ ಮತ್ತೆ ಹಾಕಿ. ಅದೇ ಕೆಟ್ಟಿದೆಯಾ ಅಂತ ಪರೀಕ್ಷಿಸೋಕೆ ಮಾತ್ರ, ನೀವು ಪಕ್ಕದಲ್ಲೇ ನಿಂತು, ಎರಡು ವೈರನ್ನು ಒಂದು ನಿಮಿಷ ಕೂಡಿಸಿ ನೋಡಬಹುದು. ಆಗ ಪೈಲಟ್ ನಿಂತ್ರೆ ಸ್ವಿಚ್ ಹೊಸದು ತನ್ನಿ. ಕೂಡಿಸಿದ್ದನ್ನು ಹಾಗೇ ಬಿಟ್ರೆ, ನಾಯಿಯೋ ಮಗುವೋ ತಳ್ಳಿ ಹೀಟರ್ ಬಿದ್ದಾಗ ಉರಿ ಹುಲ್ಲಿನ ಮೇಲೆ ಉರೀತಾನೇ ಇರುತ್ತೆ. ಆ ಜಾಯಿಂಟ್ ಸಲಹೆಗೆ ನನ್ನ ತಕರಾರು ಇಷ್ಟೇ.

ಕೂಡಿಸಿದ್ರೂ ನಿಲ್ಲಲಿಲ್ಲ ಅಂದ್ರೆ ಮಲ್ಟಿಮೀಟರ್ ತಗೊಳ್ಳಿ. ಥರ್ಮೋಕಪಲ್ಲಿನ ನಟ್ ಬಿಚ್ಚಿ, ಒಬ್ಬರು ನಾಬ್ ಒತ್ತಿ ಹಿಡಿದು ಪೈಲಟ್ ಉರಿಸ್ತಿರಲಿ, ಇನ್ನೊಬ್ಬರು ಒಂದು ತಂತಿ ತಾಮ್ರದ ನಳಿಗೆಗೆ, ಇನ್ನೊಂದು ತುದಿಯ ಗುಂಡಿಗೆ ಇಟ್ಟು ಡಿಸಿ ಮಿಲಿವೋಲ್ಟ್ ನೋಡಿ. ಒಂದು ನಿಮಿಷ ಕಾದ್ರೂ 20ಕ್ಕಿಂತ ಕಡಿಮೆ ಇದ್ರೆ ಬದಲಿಸಿ. ಅಂಗಡಿಗೆ ಹಳೇದನ್ನೇ ಒಯ್ಯಿರಿ, ಉದ್ದ ಒಂದೇ ಇದ್ರೂ ತಿರುಪಿನ ಅಳತೆ ಬೇರೆ ಬೇರೆ ಇರ್ತವೆ.

ಹಳದಿ ಉರಿಗೆ ಬರೋಣ. ಗ್ಯಾಸಿಗೆ ತಕ್ಕ ಗಾಳಿ ಸಿಗ್ತಿಲ್ಲ ಅಂತ ಅದರ ಅರ್ಥ. ಸರಿಯಾದ ಉರಿ ನೀಲಿ, ತುದಿಯಲ್ಲಿ ಸ್ವಲ್ಪ ಹಳದಿ, ಸುತ್ತಲಿನ ಸ್ಟೀಲ್ ಜಾಲರಿ ಕೆಂಡದ ಬಣ್ಣಕ್ಕೆ ಬರಬೇಕು. ಬರ್ನರಿನ ಕೆಳಗೆ, ಜೆಟ್ ಕೂರೋ ಜಾಗದ ಪಕ್ಕದಲ್ಲಿ, ಗಾಳಿ ಎಳೆಯೋ ತೂತುಗಳಿವೆ. ನಮ್ಮ ಕಡೆ ಅಲ್ಲಿ ಮೊದಲ ಅನುಮಾನ ಕುಂಬಾರ ಹುಳದ ಮೇಲೆ. ಮಣ್ಣಿನ ಗೂಡು ಕಟ್ಟಿ ಒಳಗೆ ಹುಳು ತುಂಬಿಟ್ಟು ಹೋಗಿರುತ್ತೆ. ತಟ್ಟೆಯ ಚಿಟ್ಟೆ ನಟ್ ಬಿಚ್ಚಿ, ಜಾಲರಿ ತೆಗೆದು, ಟಾರ್ಚ್ ಬಿಟ್ಟು ನೋಡಿ, ಬಾಟಲಿ ತೊಳೆಯೋ ಬ್ರಷ್ಷಿನಲ್ಲಿ ಕೆರೆದು ಊದಿ. ಜಾಲರಿಯ ಮಸಿಗೆ ಹಿತ್ತಾಳೆ ಬ್ರಷ್, ತಟ್ಟೆಗೆ ಸೋಪಿನ ನೀರು ಮತ್ತು ಬಟ್ಟೆ. ಸ್ಟೀಲ್ ಸ್ಕ್ರಬ್ಬರ್ ಹಾಕಿದ್ರೆ ಅಲ್ಯೂಮಿನಿಯಮ್ ಹೊಳಪು ಹೋಗುತ್ತೆ, ಶಾಖ ಕೆಳಗೆ ತಿರುಗಿಸೋದು ಆ ಹೊಳಪೇ.

ಮುಖ್ಯ ಜೆಟ್‌ಗೂ ಗುಂಡುಸೂಜಿ ಯಾಕೆ ಬೇಡ ಅಂದ್ರೆ, ಈ ಸೈಜಿನ ಹೀಟರಿನಲ್ಲಿ ಅದರ ತೂತು 1.9 ಮಿ.ಮೀ. ಆಸುಪಾಸು. ಹಿತ್ತಾಳೆ ಮೆತ್ತಗೆ, ಕೆರೆದು 2.1 ಆಯ್ತು ಅಂತಿಟ್ಕೊಳ್ಳಿ, ಗ್ಯಾಸ್ 22% ಜಾಸ್ತಿ ಬರುತ್ತೆ, ಗಾಳಿ ಅಷ್ಟೇ ಇರುತ್ತೆ. ಮಸಿ ಹೋಗಿಸೋಕೆ ಹೋಗಿ ಮಸಿ ಹೆಚ್ಚಿಸಿದ ಹಾಗೆ. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಹಿಂದಿನವರು ಈ ಕೆಲಸ ಮಾಡಿರೋ ಸಾಧ್ಯತೆ ಉಂಟು. ಗೂಡು ತೆಗೆದು, ರೆಗ್ಯುಲೇಟರ್ ಸರಿ ಮಾಡಿದ ಮೇಲೂ ಹಳದಿ ಹೋಗದಿದ್ರೆ ಜೆಟ್ಟನ್ನೇ ಬದಲಿಸಿ.

ಬಿಚ್ಚಿ ಜೋಡಿಸಿದ ಪ್ರತಿ ಸಲವೂ, ಸಿಲಿಂಡರ್ ಬದಲಿಸಿದ ಪ್ರತಿ ಸಲವೂ ಸೋಪಿನ ಪರೀಕ್ಷೆ. ಪಾತ್ರೆ ತೊಳೆಯೋ ಲಿಕ್ವಿಡ್ ಮತ್ತು ನೀರು ಸಮ ಸಮ, ಪೇಂಟ್ ಬ್ರಷ್ಷಿನಲ್ಲಿ ಸಿಲಿಂಡರ್ ಬಾಯಿ, ರೆಗ್ಯುಲೇಟರ್, ಪೈಪಿನ ಎರಡೂ ತುದಿ, ವಾಲ್ವ್ ಕೀಲಿಗೆ ಹಚ್ಚಿ. ಗುಳ್ಳೆ ಬೆಳೀತಾ ಇದ್ರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ತಣ್ಣನೆಯ ರಾತ್ರಿ ನೆಲಕ್ಕೇ ಅಂಟಿಕೊಂಡು ತಗ್ಗಿಗೆ ಹರಿಯುತ್ತೆ. ಚರಂಡಿ, ಬಾವಿ, ನೆಲಮಾಳಿಗೆ ಮೆಟ್ಟಿಲಿನ ಹತ್ತಿರ ಹೀಟರ್ ಬೇಡ. ಡ್ರಮ್ಮಿನ ಅಡಿಯ ತೂತುಗಳನ್ನು ಕಲ್ಲಿಟ್ಟು ಮುಚ್ಚಬೇಡಿ. ಹತ್ತಿಸುವಾಗ ಒಂದು ಸಲ ತಪ್ಪಿದ್ರೆ ಬಂದ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಹತ್ತಿಸಿ. ಸೋರಿಕೆ ಕೈಮೀರಿದ್ರೆ ಎಲ್‌ಪಿಜಿ ತುರ್ತು ಸಂಖ್ಯೆ 1906.

ನಿಲ್ಲಿಸೋಕೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಮಟ್ಟ ಮಾಡಿ. ಬುಡದ ತೊಟ್ಟಿಯಲ್ಲಿ ಮರಳೋ ನೀರೋ ತುಂಬಿ. ಸಿಲಿಂಡರ್ ಹೊರಗಿಟ್ರೆ ಬುಡದ ಭಾರ ಅರ್ಧ ಹೋದ ಹಾಗೆ, ಆಗ ಸ್ಲ್ಯಾಬಿಗೆ ಬೋಲ್ಟ್ ಬೇಕೇ ಬೇಕು. ಮರದ ಕೊಂಬೆ ಜೋರಾಗಿ ಆಡೋವಷ್ಟು ಗಾಳಿ ಇದ್ರೆ ಅವತ್ತು ಹೀಟರ್ ಬೇಡ, ಪೈಲಟ್ ಆರೋದಷ್ಟೇ ಅಲ್ಲ, ಶಾಖವೂ ನಿಲ್ಲಲ್ಲ. ಇದು ಗಾಳಿಯನ್ನಲ್ಲ, ಎದುರಿಗಿರೋ ಮೈಯನ್ನು ಕಾಯಿಸುತ್ತೆ, ಹಾಗಾಗಿ ಕುರ್ಚಿಗಳು ಎರಡು ಮೀಟರ್ ಸುತ್ತಿನಲ್ಲಿದ್ರೇನೇ ಪ್ರಯೋಜನ.

ರಾತ್ರಿ ಹನ್ನೊಂದಕ್ಕೆ ಉರಿ ಕುಗ್ಗಿದ್ರೆ ಸಿಲಿಂಡರ್ ಖಾಲಿ ಅಂತಲೇ ಅಲ್ಲ. ಗಂಟೆಗೆ ಕೆ.ಜಿ.ಯಷ್ಟು ಗ್ಯಾಸ್ ಆವಿಯಾಗೋವಾಗ ದ್ರವ ತಣ್ಣಗಾಗಿ ಒತ್ತಡ ಇಳಿಯುತ್ತೆ, ಹೊರಮೈ ಬೆವರುತ್ತೆ. ನಾಬ್ ಮಧ್ಯಮಕ್ಕೆ ತಂದ್ರೆ ಸುಧಾರಿಸುತ್ತೆ. ಬಿಸಿನೀರು ಹೊಯ್ಯೋದು, ಸಿಲಿಂಡರನ್ನು ಬೆಂಕಿ ಹತ್ತಿರ ಎಳೆಯೋದು ಯಾರೂ ಮಾಡಬಾರದು, ಕೆಲಸದ ಹುಡುಗರಿಗೆ ಇದನ್ನು ಮುಂಚೆಯೇ ಹೇಳಿಡಿ. ಬಂದ್ ಮಾಡುವಾಗ ಸಿಲಿಂಡರ್ ಕಡೆಯಿಂದ ಮೊದಲು, ಪೈಪಿನ ಗ್ಯಾಸ್ ಉರಿದು ಮುಗಿದ ಮೇಲೆ ನಾಬ್.

ಜೂನ್ ಬರೋ ಮೊದಲು ಸಿಲಿಂಡರ್ ಬಿಚ್ಚಿ ಬಾಯಿಗೆ ಮುಚ್ಚಳ ಹಾಕಿ ಗಾಳಿಯಾಡೋ ಕಡೆ ಬೇರೆ ಇಡಿ. ಬರ್ನರ್ ತಲೆಗೂ ಗಾಳಿ ತೂತುಗಳಿಗೂ ಹಳೇ ಸೊಳ್ಳೆ ಪರದೆ ತುಂಡು ಕಟ್ಟಿ, ಕುಂಬಾರ ಹುಳಕ್ಕೆ ಅಷ್ಟು ಸಾಕು. ನವೆಂಬರಿನಲ್ಲಿ ಹತ್ತಿಸೋ ಮೊದಲು ಬಿಚ್ಚೋದು ಮರೀಬೇಡಿ, ಕಟ್ಟಿದ ದಿನವೇ ನಾಬಿಗೆ ಒಂದು ಚೀಟಿ ಕಟ್ಟಿಡಿ. ಸದ್ಯಕ್ಕೆ ಹಿಂದಿನ ಪ್ಲೇಟಿನ ಫೋಟೊ ಮತ್ತು ಕತ್ತಲಲ್ಲಿ ತೆಗೆದ ಪೈಲಟ್ ಉರಿಯ ಫೋಟೊ ಎರಡನ್ನೂ ಇಲ್ಲೇ ಹಾಕಿ, ರೆಗ್ಯುಲೇಟರ್ ಯಾವುದು ಅಂತ ಹೇಳ್ತೀನಿ.