ಓದುಗರ ಪ್ರಶ್ನೆ, ತಜ್ಞರ ಉತ್ತರ: ಗಾಳಿಯಲ್ಲಿ ಬರುವ ಡೇಟಾ, ಕೈಯಲ್ಲಿರುವ ಬ್ಯಾಟರಿ

ಪ್ರಶ್ನೆ: ಎಂಸಿಎ ಪ್ರಾಜೆಕ್ಟಿಗಾಗಿ ಮಾರುಕಟ್ಟೆ ದರಗಳನ್ನು ಒಂದೇ ರೇಡಿಯೊ ಚಾನೆಲ್‌ನಲ್ಲಿ ಸುತ್ತು ಸುತ್ತಾಗಿ ಪ್ರಸಾರ ಮಾಡುವ ಮಾದರಿ ತಯಾರಿಸಿದ್ದೇನೆ. ಸುತ್ತಿಗೆ 10,000 ಪ್ಯಾಕೆಟ್ (ಡೇಟಾದ ತುಣುಕು). ಆರಂಭದಲ್ಲಿ ಒಮ್ಮೆ ಇಂಡೆಕ್ಸ್, ಅಂದರೆ ಯಾವ ದರ ಯಾವ ಪ್ಯಾಕೆಟ್‌ನಲ್ಲಿ ಬರುತ್ತದೆಂಬ ಸೂಚಿ, ಕಳಿಸುತ್ತೇನೆ. ರಿಸೀವರ್ ಅದನ್ನು ನೋಡಿ ತನಗೆ ಬೇಕಾದ ಪ್ಯಾಕೆಟ್ ಬರುವವರೆಗೆ ಮಲಗುತ್ತದೆ. ಬ್ಯಾಟರಿ ಉಳಿಯುತ್ತಿದೆ, ಆದರೆ ಬೇಕಾದ ದರ ಸಿಗಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತಿದೆ. ತಪ್ಪೆಲ್ಲಿದೆ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಇದೆ. ಇಂಡೆಕ್ಸ್ ಸುತ್ತಿಗೊಂದೇ ಸಲ ಬಂದರೆ ಹೀಗೇ ಆಗುತ್ತದೆ. ನಡುವೆ ಎಚ್ಚೆತ್ತ ರಿಸೀವರ್ ಇಂಡೆಕ್ಸಿಗಾಗಿ ಸರಾಸರಿ ಅರ್ಧ ಸುತ್ತು, ಆಮೇಲೆ ತನ್ನ ಡೇಟಾಕ್ಕಾಗಿ ಇನ್ನರ್ಧ ಸುತ್ತು ಕಾಯಬೇಕು.

ಇಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆ ಇಡಬೇಕು: ಉತ್ತರ ಸಿಗುವವರೆಗೆ ಕಾದ ಸಮಯ ಒಂದು, ರೇಡಿಯೊ ಎಚ್ಚರವಾಗಿದ್ದು ಕೇಳಿದ ಸಮಯ ಇನ್ನೊಂದು. ಬ್ಯಾಟರಿ ತಿನ್ನುವುದು ಎರಡನೆಯದು. 1994ರಲ್ಲಿ ಸಂಶೋಧಕರಾದ ಇಮಿಯೆಲಿನ್ಸ್ಕಿ, ವಿಶ್ವನಾಥನ್ ಮತ್ತು ಬದರೀನಾಥ್ ಕೊಟ್ಟ ಉಪಾಯ ನಿಮಗೆ ಸಾಕು: ಪೂರ್ತಿ ಇಂಡೆಕ್ಸನ್ನು ಸುತ್ತಿನಲ್ಲಿ ಸಮ ಅಂತರದಲ್ಲಿ ಹಲವು ಸಲ ಕಳಿಸುವುದು. ಎಷ್ಟು ಸಲ? ಡೇಟಾದ ಗಾತ್ರವನ್ನು ಇಂಡೆಕ್ಸಿನ ಗಾತ್ರದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಒಂದು ಪ್ಯಾಕೆಟ್‌ನಲ್ಲಿ 100 ನಮೂದು ಹಿಡಿದರೆ ಇಂಡೆಕ್ಸಿಗೆ ದರಗಳ ಜಾಗ ಹೇಳುವ 100 'ಎಲೆ' ಪ್ಯಾಕೆಟ್, ಯಾವ ಎಲೆ ನೋಡಬೇಕೆಂದು ಹೇಳುವ ಒಂದು 'ಬೇರು' ಪ್ಯಾಕೆಟ್, ಒಟ್ಟು 101. ವರ್ಗಮೂಲ ಹೆಚ್ಚುಕಡಿಮೆ 10.

ಸರಾಸರಿ ಕಾಯುವಿಕೆ ಹೀಗೆ ಬರುತ್ತದೆ: ಇಂಡೆಕ್ಸ್ 1 ಸಲ ಬಂದರೆ 10,101 ಪ್ಯಾಕೆಟ್, 10 ಸಲ ಬಂದರೆ ಸುಮಾರು 6,055. ಆಸೆಗೆ ಬಿದ್ದು 50 ಸಲ ಕಳಿಸಿದರೆ ಮತ್ತೆ 7,675ಕ್ಕೆ ಏರುತ್ತದೆ, ಏಕೆಂದರೆ ಸುತ್ತೇ ಉದ್ದವಾಗುತ್ತದೆ. ಇಂಡೆಕ್ಸೇ ಇಲ್ಲದಿದ್ದರೆ ಕಾಯುವುದು 5,000 ಮಾತ್ರ, ಆದರೆ ಅಷ್ಟೂ ಹೊತ್ತು ಎಚ್ಚರವಾಗಿರಬೇಕು. ಪ್ಯಾಕೆಟ್‌ಗೆ 10 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. 10 ಸಲದ ಲೆಕ್ಕದಲ್ಲಿ ಒಂದು ನಿಮಿಷ ಕಾದರೂ ಕೇಳುವುದು ನಾಲ್ಕೇ ಪ್ಯಾಕೆಟ್: ಮೊದಲು ಸಿಕ್ಕಿದ್ದು, ಬೇರು, ಎಲೆ, ಡೇಟಾ. ಅಂದರೆ 40 ಮಿಲಿಸೆಕೆಂಡ್.

ಇದು ನಡೆಯಬೇಕಾದರೆ ಪ್ರತಿ ಪ್ಯಾಕೆಟ್ಟಿನ ತಲೆಯಲ್ಲೂ 'ಮುಂದಿನ ಇಂಡೆಕ್ಸ್ ಇನ್ನೆಷ್ಟು ಪ್ಯಾಕೆಟ್ ಆದಮೇಲೆ' ಎಂಬ ಸಂಖ್ಯೆ ಇರಲೇಬೇಕು. ಜೊತೆಗೆ ಆವೃತ್ತಿ ಸಂಖ್ಯೆಯನ್ನೂ ಹಾಕಿ. ರಿಸೀವರ್ ಮಲಗಿದ್ದಾಗ ಪಟ್ಟಿ ಬದಲಾದರೆ ಹಳೆಯ ಇಂಡೆಕ್ಸ್ ನಂಬಿ ಅಡಿಕೆಯ ಬದಲು ಮೆಣಸಿನ ದರ ಓದೀತು. ಬಹಳ ಪ್ರಾಜೆಕ್ಟ್‌ಗಳು ಮುಗ್ಗರಿಸುವುದು ಮಾತ್ರ ಗಡಿಯಾರದಲ್ಲಿ. ಕಳಿಸುವ, ಕೇಳುವ ಎರಡೂ ಕಡೆಯ ಗಡಿಯಾರ ನಡೆಸುವ ಕ್ರಿಸ್ಟಲ್‌ಗಳು ಸೇರಿ ಹತ್ತು ಲಕ್ಷಕ್ಕೆ 40 ಭಾಗ ತಪ್ಪಿದರೂ 60 ಸೆಕೆಂಡ್ ನಿದ್ದೆಯಲ್ಲಿ 2.4 ಮಿಲಿಸೆಕೆಂಡ್ ಆಚೀಚೆಯಾಗುತ್ತದೆ. ರೇಡಿಯೊ ಎದ್ದು ಸ್ಥಿರವಾಗಲೂ ಸ್ವಲ್ಪ ಹೊತ್ತು ಬೇಕು. ಆದ್ದರಿಂದ ನಿಗದಿತ ಕ್ಷಣಕ್ಕಿಂತ ಒಂದು ಪ್ಯಾಕೆಟ್ ಮೊದಲೇ ಎಬ್ಬಿಸಿ. ನಿಖರ ಕ್ಷಣಕ್ಕೆ ಎಬ್ಬಿಸಲು ಹೋದರೆ ಪ್ಯಾಕೆಟ್ಟಿನ ತಲೆ ತಪ್ಪಿ, ಇಡೀ ಸುತ್ತು ಮತ್ತೆ ಕಾಯಬೇಕಾಗುತ್ತದೆ.

ಕೆಲವೇ ದರಗಳನ್ನು ಎಲ್ಲರೂ ಕೇಳುವುದಾದರೆ ಅವನ್ನು ಹೆಚ್ಚು ಸಲ ಕಳಿಸಿ. ಇಲ್ಲೂ ವರ್ಗಮೂಲವೇ: ಒಂಬತ್ತು ಪಟ್ಟು ಬೇಡಿಕೆಗೆ ಮೂರು ಪಟ್ಟು ಪ್ರಸಾರ, ಅದೂ ಸಮ ಅಂತರದಲ್ಲಿ.

ಪ್ರಶ್ನೆ: ಇಎಸ್‌ಪಿ32 ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ವೈಫೈ ಮೂಲಕ ಬ್ರಾಡ್‌ಕಾಸ್ಟ್ ಸಂದೇಶ (ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವಂಥದ್ದು) ಕಳಿಸುತ್ತೇನೆ. ವಿದ್ಯುತ್ ಉಳಿತಾಯ ಹೆಚ್ಚಿಸಿದ ಮೇಲೆ ಹಲವು ಸಂದೇಶಗಳು ತಲುಪುತ್ತಿಲ್ಲ.
— ಪಾಲಿಟೆಕ್ನಿಕ್ ಉಪನ್ಯಾಸಕ, ತುಮಕೂರು

ಉತ್ತರ: ಯಾವುದಾದರೂ ಸಾಧನ ಮಲಗಿದ್ದರೆ ರೂಟರ್ ಬ್ರಾಡ್‌ಕಾಸ್ಟ್ ಸಂದೇಶಗಳನ್ನು ಹಿಡಿದಿಟ್ಟು, ಡಿಟಿಐಎಂ ಎಂಬ ವಿಶೇಷ ಬೀಕನ್ (ರೂಟರ್ ಆಗಾಗ ಕಳಿಸುವ 'ಇಲ್ಲಿದ್ದೇನೆ' ಎಂಬ ಸಂಕೇತ) ಆದ ಕೂಡಲೇ ಹೊರಬಿಡುತ್ತದೆ. ಬೀಕನ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಂದು, ಡಿಟಿಐಎಂ 3 (ಮೂರು ಬೀಕನ್‌ಗೊಂದು) ಎಂದಿದ್ದರೆ ಸುಮಾರು 307 ಮಿಲಿಸೆಕೆಂಡಿಗೊಮ್ಮೆ. ನೀವು ಹಾಕಿರುವುದು ಮ್ಯಾಕ್ಸ್ ಮೋಡೆಮ್ ಎಂಬ ಹೆಚ್ಚು ಉಳಿತಾಯದ ಆಯ್ಕೆ ಇರಬೇಕು. ಅದರಲ್ಲಿ ಬೋರ್ಡು ಡಿಟಿಐಎಂ ನೋಡದೆ ತನ್ನದೇ ಲಿಸನ್ ಇಂಟರ್‌ವಲ್ (ಕಿವಿಗೊಡುವ ಅಂತರ) ಪ್ರಕಾರ ಏಳುತ್ತದೆ. ಬ್ರಾಡ್‌ಕಾಸ್ಟಿಗೆ ಸ್ವೀಕೃತಿಯೂ ಇಲ್ಲ, ಮರುಕಳಿಕೆಯೂ ಇಲ್ಲ, ತಪ್ಪಿದ್ದು ತಪ್ಪಿದಂತೆಯೇ. ಪ್ರತಿ ಡಿಟಿಐಎಂಗೂ ಏಳುವ ಮಿನ್ ಮೋಡೆಮ್‌ಗೆ ಬದಲಿಸಿ ರೂಟರಿನಲ್ಲಿ ಡಿಟಿಐಎಂ ಅನ್ನು 3ಕ್ಕೆ ಏರಿಸಿ. ಸಂದೇಶ ಮೂರನೇ ಒಂದು ಸೆಕೆಂಡ್ ತಡವಾಗಬಹುದು, ಸೆನ್ಸರಿಗೆ ಅದೇನೂ ದೊಡ್ಡದಲ್ಲ. ಸಂದೇಶ ತೀರಾ ಮುಖ್ಯವಾದರೆ ಬ್ರಾಡ್‌ಕಾಸ್ಟ್ ಬಿಟ್ಟು ಬೋರ್ಡಿನ ವಿಳಾಸಕ್ಕೇ ಕಳಿಸಿ.

ಪ್ರಶ್ನೆ: ಫೋನಿನಲ್ಲಿ ತುರ್ತು ಎಚ್ಚರಿಕೆ ಆಫ್ ಮಾಡಿದರೆ ಚಾರ್ಜ್ ಉಳಿಯುತ್ತದೆಯೇ?
— ಗೃಹಿಣಿ, ಕಾರವಾರ

ಉತ್ತರ: ಇಲ್ಲ. ಕರೆ ಬಂದಿದೆಯೇ ಎಂದು ನೋಡಲು 4ಜಿ ಫೋನ್ ಹೇಗೂ 0.32ರಿಂದ 2.56 ಸೆಕೆಂಡಿಗೊಮ್ಮೆ ಎದ್ದು ಕಿವಿಗೊಡುತ್ತದೆ. ಎಚ್ಚರಿಕೆ ಇದೆ ಎಂಬ ಸುಳಿವೂ ಆ ಕ್ಷಣದಲ್ಲೇ ಬರುತ್ತದೆ. ಪೂರ್ತಿ ಪಠ್ಯ ಓದುವುದು ಆಮೇಲೆ. ಕಡಲ ತೀರದಲ್ಲಿರುವವರು ಅದನ್ನು ಆನ್ ಇಟ್ಟಿರಿ.

ಪ್ರಶ್ನೆ: ಪಶ್ಚಿಮಘಟ್ಟದ ಚಾರಣದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಬಹಳ ತಡಮಾಡುತ್ತದೆ, ಬ್ಯಾಟರಿಯೂ ಕರಗುತ್ತದೆ. ಏಕೆ?
— ಚಾರಣಿಗ, ಸಾಗರ

ಉತ್ತರ: ಜಿಪಿಎಸ್ ಕೂಡ ಸುತ್ತು ಸುತ್ತಾಗಿ ಬರುವ ಪ್ರಸಾರವೇ, ವೇಗ ಮಾತ್ರ ಸೆಕೆಂಡಿಗೆ 50 ಬಿಟ್. ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಅದರಲ್ಲಿ ನಿಮಗೆ ಬೇಕಾದ ಭಾಗ 18 ಸೆಕೆಂಡಿನದು. ನಡುವೆ ಮರದ ಕೊಂಬೆ ಅಡ್ಡಬಂದು ಒಂದು ತುಣುಕು ಕೆಟ್ಟರೆ ಅದೇ ತುಣುಕಿಗೆ ಇನ್ನೂ 30 ಸೆಕೆಂಡ್ ಕಾಯಬೇಕು, ಅಷ್ಟೂ ಹೊತ್ತು ರಿಸೀವರ್ ಎಚ್ಚರ. ನೆಟ್‌ವರ್ಕ್ ಇದ್ದಾಗ ಫೋನ್ ಇದೇ ವಿವರವನ್ನು ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತಂದುಕೊಳ್ಳುವುದರಿಂದ ಊರಿನಲ್ಲಿ ಈ ತೊಂದರೆ ಕಾಣುವುದಿಲ್ಲ. ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಮ್ಮ ನಾವಿಕ್‌ನಲ್ಲಿ ಒಂದು ಸುತ್ತಿಗೆ 48 ಸೆಕೆಂಡ್.

ಕಾಡು ಹೊಕ್ಕುವ ಮೊದಲು ಬಯಲಿನಲ್ಲಿ ನಿಂತು ಎರಡು ನಿಮಿಷ ಮ್ಯಾಪ್ ತೆರೆದಿಡಿ. ಸಿಕ್ಕ ಕಕ್ಷೆಯ ವಿವರ ಸುಮಾರು 4 ಗಂಟೆ ಬಾಳುತ್ತದೆ. ಅದು ಮುಗಿಯುವ ಮೊದಲು ಇನ್ನೊಂದು ಬಯಲೋ ಬಂಡೆಯ ನೆತ್ತಿಯೋ ಸಿಕ್ಕಿದಲ್ಲಿ ಹಾಗೇ ಮಾಡಿ. ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಏರ್‌ಪ್ಲೇನ್ ಮೋಡ್ ಹಾಕಿ. ಈಗಿನ ಫೋನ್‌ಗಳಲ್ಲಿ ಆಗಲೂ ಜಿಪಿಎಸ್ ನಡೆಯುತ್ತದೆ, ಇಲ್ಲದ ಟವರನ್ನು ಹುಡುಕುವ ಖರ್ಚು ತಪ್ಪುತ್ತದೆ. ದಾರಿ ದಾಖಲಿಸುವ ಆ್ಯಪ್‌ನಲ್ಲಿ ಅಂತರವನ್ನು 1 ಸೆಕೆಂಡಿನಿಂದ 30ಕ್ಕೆ ಬದಲಿಸಿ. ನಡಿಗೆಗೆ ಅಷ್ಟು ಧಾರಾಳ.