ಕಿಡ್ನಿ ಕಲ್ಲಿನ ಆಪರೇಷನ್: ಬೆನ್ನಿಗೆ ಇಂಜೆಕ್ಷನ್ ಸಾಕೇ, ಪೂರ್ತಿ ಪ್ರಜ್ಞೆ ತಪ್ಪಿಸಬೇಕೇ?

ಪ್ರಶ್ನೆ: ನನಗೆ 56 ವರ್ಷ. ಎಡ ಕಿಡ್ನಿಯಲ್ಲಿ 15 ಮಿ.ಮೀ. ಕಲ್ಲಿದೆ. ಮೂತ್ರದ ದಾರಿಯಲ್ಲೇ ಸಣ್ಣ ಕ್ಯಾಮೆರಾ ಕಳಿಸಿ ಲೇಸರ್‌ನಿಂದ ಪುಡಿ ಮಾಡುತ್ತೇವೆ ಎಂದಿದ್ದಾರೆ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆ ನಡೆಯುತ್ತಿದೆ. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಮತ್ತೆ ಏಳುತ್ತೇನೋ ಇಲ್ಲವೋ ಎಂಬ ಭಯ. ಬೆನ್ನಿಗೆ ಇಂಜೆಕ್ಷನ್ ತಗೊಂಡರೆ ಜೀವನಪೂರ್ತಿ ಬೆನ್ನುನೋವು ಅಂತಾರೆ. ನಾನು ಯಾವುದನ್ನು ಕೇಳಲಿ?

ಅರಿವಳಿಕೆ ತಜ್ಞರ ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಜನರಲ್ ಅನಸ್ತೇಷಿಯಾವೇ, ಅಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವುದೇ, ನಿಮಗೆ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ನಿಮ್ಮನ್ನು ಪರೀಕ್ಷೆ ಮಾಡುವ ವೈದ್ಯರದ್ದೇ ಕೊನೆಯ ಮಾತು.

ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ ‘ಚಿಕ್ಕದು’, ಪ್ರಜ್ಞೆ ತಪ್ಪಿಸುವುದು ‘ದೊಡ್ಡದು’ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮೂತ್ರನಾಳದ ಕೆಳಭಾಗದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಸ್ಪೈನಲ್ ಚೆನ್ನಾಗಿ ಸಾಕಾಗುತ್ತದೆ. ನಿಮ್ಮ ಕಲ್ಲು ಇರುವುದು ಕಿಡ್ನಿಯ ಒಳಗೆ. ನೀವು ಉಸಿರೆಳೆದಾಗಲೆಲ್ಲ ಕಿಡ್ನಿ ಕೆಳಗೆ ಜಾರುತ್ತದೆ, ಬಿಟ್ಟಾಗ ಮೇಲೆ ಬರುತ್ತದೆ. ಸರ್ಜನ್ ನೋಡುವ ಪರದೆಯಲ್ಲಿ ಕಲ್ಲು ಒಂದೇ ಸಮ ತೂಗಾಡುತ್ತಿರುತ್ತದೆ. ಲೇಸರ್ ಬಿಡುವ ಹೊತ್ತಿಗೆ ನೀವು ಕೆಮ್ಮಿದರೆ ಏಟು ಕಲ್ಲಿಗೆ ಬೀಳುವ ಬದಲು ಕಿಡ್ನಿಯ ಒಳಪದರಕ್ಕೆ ಬೀಳಬಹುದು. ಪ್ರಜ್ಞೆ ತಪ್ಪಿಸಿದಾಗ ಉಸಿರು ನಮ್ಮ ಕೈಯಲ್ಲಿರುತ್ತದೆ. ಒಂದೊಂದು ಉಸಿರನ್ನೂ ಸಣ್ಣದು ಮಾಡುತ್ತೇವೆ, ಸರ್ಜನ್ ‘ಸ್ವಲ್ಪ ನಿಲ್ಲಿಸಿ’ ಎಂದರೆ ಕೆಲವು ಸೆಕೆಂಡು ನಿಲ್ಲಿಸಿಯೂ ಕೊಡುತ್ತೇವೆ. ಸ್ಪೈನಲ್‌ನಲ್ಲೂ ಈ ಆಪರೇಷನ್ ಮಾಡುವವರಿದ್ದಾರೆ, ಅದು ತಪ್ಪೇನಲ್ಲ. ಆದರೆ ಕಿಡ್ನಿಯವರೆಗೆ ಮರಗಟ್ಟಬೇಕಾದರೆ ಮದ್ದು ಎದೆಯ ಕೆಳಭಾಗದವರೆಗೂ ಏರಬೇಕು. ಅಷ್ಟು ಏರಿದಾಗ ಬಿಪಿ ಜಾಸ್ತಿ ಇಳಿಯುತ್ತದೆ. ಸ್ಟೆಂಟ್ ಹಾಕಿದ ಹೃದಯಕ್ಕೆ ಅದು ಒಳ್ಳೆಯದಲ್ಲ.

ಇದಕ್ಕಿಂತ ಮುಖ್ಯವಾದದ್ದು ನಿಮ್ಮ ಮಾತ್ರೆ. ಕ್ಲೊಪಿಡೊಗ್ರೆಲ್ ನಡೆಯುತ್ತಿರುವಾಗ ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ಸೋರಿ, ಹೆಪ್ಪುಗಟ್ಟಿ, ನರಗಳನ್ನು ಒತ್ತಬಹುದು. ಅಪರೂಪ ನಿಜ, ಆದರೆ ಹಾಗೇನಾದರೂ ಆಯಿತೆಂದರೆ ಕಾಲಿನ ಬಲವೇ ಹೋಗಬಹುದು. ಅದಕ್ಕೇ ಸ್ಪೈನಲ್‌ಗೆ ಮೊದಲು 5ರಿಂದ 7 ದಿನ ಈ ಮಾತ್ರೆ ನಿಲ್ಲಿಸಿರಬೇಕು. ಕೈಮುಗಿದು ಕೇಳುತ್ತೇನೆ, ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಮುಚ್ಚಿಕೊಂಡರೆ ಹೃದಯಾಘಾತವಾಗುತ್ತದೆ. ನಿಲ್ಲಿಸಬೇಕೇ, ಎಷ್ಟು ದಿನ, ಬದಲಿಗೆ ಆಸ್ಪಿರಿನ್ ಸಾಕೇ ಎಂಬುದನ್ನು ಹೃದಯ ತಜ್ಞರೇ ಹೇಳಬೇಕು.

ಏಳದೇ ಹೋದರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಒಂದೇ ಸಲ ಮದ್ದು ಕೊಟ್ಟು ಏಳುವುದನ್ನು ಕಾಯುತ್ತಾ ಕೂರುವುದಿಲ್ಲ. ಆಪರೇಷನ್ ಮುಗಿಯುವವರೆಗೂ ಮದ್ದು ಸ್ವಲ್ಪ ಸ್ವಲ್ಪವಾಗಿ ಹೋಗುತ್ತಲೇ ಇರುತ್ತದೆ, ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಡುತ್ತೀರಿ. ಅಷ್ಟು ಹೊತ್ತೂ ಅರಿವಳಿಕೆ ತಜ್ಞರು ತಲೆಯ ಹತ್ತಿರವೇ ಇರುತ್ತಾರೆ. ಆಮೇಲೆ ಗಂಟಲು ಕೆರೆತ, ಸ್ವಲ್ಪ ವಾಕರಿಕೆ ಇರಬಹುದು.

ಇನ್ನು ಬೆನ್ನುನೋವು. ಸ್ಪೈನಲ್ ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಜೀವನಪೂರ್ತಿ ಅಲ್ಲ. ಕೆಲವರಿಗೆ ತಲೆನೋವು ಬರುತ್ತದೆ, ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಅದಕ್ಕೆ ಚಿಕಿತ್ಸೆ ಇದೆ, ಸುಮ್ನೆ ಸಹಿಸಿಕೊಂಡಿರಬಾರದು.

ಯಾವ ವಿಧಾನವಾದರೂ 6 ಗಂಟೆ ಮೊದಲಿಂದ ಊಟ ಬೇಡ, ಬರೀ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಸ್ಪೈನಲ್ ಸಾಕಾಗದೆ ಮಧ್ಯದಲ್ಲಿ ಪ್ರಜ್ಞೆ ತಪ್ಪಿಸಬೇಕಾದೀತು, ಅದಕ್ಕೇ ಈ ನಿಯಮ ಎರಡಕ್ಕೂ. ಜ್ವರ, ಚಳಿ ಬಂದರೆ ಆಪರೇಷನ್ ದಿನದವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಕಲ್ಲಿನ ಹಿಂದೆ ಸೋಂಕು ತುಂಬಿಕೊಂಡಿದ್ದರೆ ಮೊದಲು ಅದನ್ನು ಹೊರಗೆ ಹರಿಸಬೇಕು, ಕಲ್ಲು ಒಡೆಯುವುದು ಆಮೇಲೆ.

ಅರಿವಳಿಕೆ ತಪಾಸಣೆಗೆ ಹೋಗುವಾಗ ಸ್ಟೆಂಟ್ ಹಾಕಿದ ದಿನಾಂಕವಿರುವ ಡಿಸ್ಚಾರ್ಜ್ ಪತ್ರ, ಇತ್ತೀಚಿನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್, ನುಂಗುವ ಎಲ್ಲ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ. ಹಲ್ಲು ಅಲ್ಲಾಡುತ್ತಿದ್ದರೆ, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಅದನ್ನೂ ಹೇಳಿ.